ಮುಟ್ಟಿದ ಸುದ್ದಿ

ಕಲ್ಲವ್ವನ ಹಾಸಿಗೆಯ ಕೆಳಗೆ ಮೂರು ಕಸಬರಿಗೆಗಳು ಅಡಗಿದ್ದವು. ಒಂದು ಮನೆಯದೇ, ಹಳೆಯದು. ಅದು ಕಾಣೆಯಾಯಿತೆಂದು ಸೊಸೆ ಸೋನಾಲಿ ಪಕ್ಕದ ಫ್ಲಾಟಿನಿಂದ ಕೇಳಿ ತಂದದ್ದು ಎರಡನೆಯದು. ಮೂರನೆಯದು ಅವಳು ಮೊಬೈಲಿನಲ್ಲಿ ಬೆರಳೊತ್ತಿದ ಹತ್ತು ನಿಮಿಷಕ್ಕೆ ಬಾಗಿಲಿಗೆ ಬಂದು ಗಂಟೆ ಬಾರಿಸಿದ್ದು. ಅದರ ಪ್ಲಾಸ್ಟಿಕ್ಕನ್ನು ಇನ್ನೂ ಯಾರೂ ಬಿಚ್ಚಿರಲಿಲ್ಲ. ಮರಾಠಿ ನಾಡಿನ ಈ ಹಿಂಜವಾಡಿಯ ಹೊಸ ಕಟ್ಟಡಗಳಲ್ಲಿ ಏನು ಬೇಕೆಂದರೂ ಹೀಗೆ ಮನೆಯವರೆಗೆ ಬರುತ್ತದೆ. ಕಲ್ಲವ್ವ ಕಾಯುತ್ತಿದ್ದದ್ದು ಮಾತ್ರ ಬರುವ ಲಕ್ಷಣ ಕಾಣುತ್ತಿರಲಿಲ್ಲ.

ಗಂಡ ಈರಬಸಪ್ಪ ತೀರಿಕೊಂಡು ಅಂದಿಗೆ ಐದನೆಯ ದಿನ. ಸಂಜೆ ಶಿವಗಣಾರಾಧನೆ. ಅಯ್ಯನವರು ಬರುತ್ತಾರೆ, ಮೊದಲು ಇದ್ದ ಖಡಕಿಯಿಂದ ಅವನ ಜೊತೆಯ ಹಳೆಯ ಸೈನಿಕರು ಬರುತ್ತಾರೆ, ಊಟವಾದ ಮೇಲೆ ನಾಲ್ಕು ಜನ ಎದ್ದು ನಿಂತು ಹೋದವರ ಬಗ್ಗೆ ನಾಲ್ಕು ಮಾತು ಹೇಳುತ್ತಾರೆ. ಆದರೆ ಅವರೆಲ್ಲ ಕೂಡಬೇಕಾದ ಮುಂದಿನ ಕೋಣೆ ಮೊದಲ ದಿನ ಹೇಗಿತ್ತೋ ಹಾಗೇ ಇತ್ತು. ಮಗ ಮಾಂತು ಅದನ್ನು ಹಾಲ್ ಎನ್ನುತ್ತಾನೆ, ಕಲ್ಲವ್ವ ಪಡಸಾಲೆ ಎನ್ನುತ್ತಾಳೆ. ಮಣ್ಣಿಗೆ ಒಯ್ಯುವ ಮೊದಲು ಈರಬಸಪ್ಪನನ್ನು ಗೋಡೆಗೆ ಆನಿಸಿ ಕೂಡಿಸಿದ್ದ ಜಾಗದಲ್ಲಿ ಚೆಂಡುಹೂವಿನ ಎಸಳುಗಳು ಒಣಗಿ ಬಿದ್ದಿದ್ದವು. ವಿಭೂತಿಯ ಪುಡಿ ಕಾಲಿಗೆ ಹತ್ತಿ ಮನೆಯೆಲ್ಲ ತಿರುಗಾಡುತ್ತಿತ್ತು. ಬಂದು ಹೋದವರ ಕಾಲಧೂಳು ಹೊಸ್ತಿಲಿನಿಂದ ಸೋಫಾದವರೆಗೆ ಹಾಸಿತ್ತು.

"ಸತ್ತ ಮನಿ ಕಸಾ ಐದ ದಿನಾ ಇಟ್ಕೊಂಡು ಕುಂದರ್ತಾರೇನಕ್ಕಾ?" ಎಂದಳು ಸಾವಂತ್ರವ್ವ. ದೂರದ ಸಂಬಂಧದಲ್ಲಿ ನೆಗೆಣ್ಣಿ, ಮಣ್ಣಿಗೆಂದು ಸೊಲ್ಲಾಪುರದಿಂದ ಬಂದವಳು ದಿನ ಮುಗಿಸಿಕೊಂಡೇ ಹೋಗುತ್ತೇನೆಂದು ಉಳಿದಿದ್ದಳು. ಊರ ಉಸಾಬರಿ ಮಾಡದಿದ್ದರೆ ಅವಳಿಗೆ ಉಂಡ ಅನ್ನ ಕರಗುವುದಿಲ್ಲ.

"ನಮ್ಮೊಳಗ ಸೂತಕ ಇಲ್ಲಂತ ಅಯ್ಯಾರು ಮೊನ್ನೆ ಹೇಳಲಿಲ್ಲೇನು? ಇಲ್ಲದ್ದನ್ನ ಏನಂತ ತೊಳೀತಿ?"

"ಸೂತಕ ಇಲ್ಲ, ಖರೆ. ಧೂಳಾ ಐತೆಲ್ಲ."

ಅಡಿಗೆಮನೆಯ ಕಸ ಹೊಡೆಯಿರಿ, ಮಲಗುವ ಕೋಣೆ ಹೊಡೆಯಿರಿ, ಹೊಸ್ತಿಲಿನ ಈ ಕೋಣೆಯನ್ನು ಮಾತ್ರ ಮುಟ್ಟಬೇಡಿ ಎಂದು ಕಲ್ಲವ್ವ ಮೊದಲ ದಿನವೇ ಹೇಳಿದ್ದಳು. ಯಾಕೆ ಎಂದು ಕೇಳಿದರೆ ಮುಖ ತಿರುಗಿಸುತ್ತಿದ್ದಳು. ಮುದುಕಿಗೆ ದುಃಖಕ್ಕೆ ತಲೆ ಸ್ವಲ್ಪ ಅತ್ತಿತ್ತ ಆಗಿದೆ ಎಂದು ಸೋನಾಲಿ ಮೆಲ್ಲಗೆ ಗಂಡನಿಗೆ ಹೇಳಿದ್ದು ಅವಳ ಕಿವಿಗೂ ಬಿದ್ದಿತ್ತು. ತಲೆ ಎಲ್ಲಿರಬೇಕೋ ಅಲ್ಲೇ ಇತ್ತು. ಆದರೆ ಈ ಮಾತನ್ನು ಬಿಡಿಸಿ ಹೇಳಿದರೆ ಅರ್ಥವಾಗುವ ಒಬ್ಬನೇ ಒಬ್ಬ ಮನುಷ್ಯ ಮನೆಯಲ್ಲಿ ಉಳಿದಿರಲಿಲ್ಲ.

ಕಲ್ಲವ್ವ ಲಗ್ನವಾಗಿ ಗುಳೇದಗುಡ್ಡದ ಗಂಡನ ಮಗ್ಗದ ಮನೆಗೆ ಬರುವಾಗ ಅವಳ ತಾಯಿ ಉಡಿ ತುಂಬಿ ಒಂದು ಮಾತು ಹೇಳಿ ಕಳಿಸಿದ್ದಳು. ಮನೆಯಿಂದ ಯಾರಾದರೂ ಊರಿಗೆ ಹೊರಟರೆ ಅವರ ಬೆನ್ನ ಹಿಂದೆಯೇ ಕಸ ಹೊಡೆಯಬಾರದು. ಹೋದವರು ಆ ಊರು ಮುಟ್ಟುವ ತನಕ ಕಸಬರಿಗೆ ಹಿಡಿಯಬಾರದು. ಇದು ಎಲ್ಲರ ಮನೆಯಲ್ಲೂ ಇರುವ ಮಾತೇ. ನೇಕಾರರ ಊರಿನಲ್ಲಿ ಹೋಗುವುದೆಂದರೆ ಬಾದಾಮಿಯ ಸಂತೆಗೆ, ಹೆಚ್ಚೆಂದರೆ ಬಾಗಲಕೋಟೆಗೆ. ಸೂರ್ಯ ನೆತ್ತಿಗೆ ಬರುವಷ್ಟರಲ್ಲಿ ಮುಟ್ಟಿರುತ್ತಾರೆ, ಸಂಜೆಗೆ ಕಸ ಹೊಡೆದರಾಯಿತು. ಅವ್ವ ಹೇಳುವಾಗ, ಅಳಿಯ ಸೈನ್ಯದಲ್ಲಿದ್ದಾನೆ ಎಂಬುದನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಈರಬಸಪ್ಪ ಸೇತುವೆ ಕಟ್ಟುವ, ನೆಲದೊಳಗೆ ಹೂತ ಬಾಂಬು ತೆಗೆಯುವ ದಳದವನು. ವರ್ಷಕ್ಕೆ ಎರಡು ತಿಂಗಳು ರಜೆ. ರಜೆ ಮುಗಿಸಿ ಹೊರಟರೆ ದೇಶದ ತುದಿಯಲ್ಲಿದ್ದ ತನ್ನ ಠಾಣ್ಯ ಮುಟ್ಟಲು ಐದಾರು ದಿನ. ಅಲ್ಲಿಂದ ಬರೆದ ಕಾರ್ಡು ಗುಳೇದಗುಡ್ಡಕ್ಕೆ ಬರಲು ಇನ್ನೊಂದು ವಾರ. ಹೊಸ ಸೊಸೆ ಅಷ್ಟೂ ದಿನ ಪಡಸಾಲೆಯ ಕಸ ಹೊಡೆಯಲಿಲ್ಲ. ಮಗ್ಗದ ಮನೆ ಬೇರೆ. ನೂಲಿನ ತುಂಡು, ಹಿಂಜಿದ ಎಳೆ, ಗಂಜಿಯ ಪುಡಿ ಮೂಲೆ ಮೂಲೆಯಲ್ಲಿ ಉಂಡೆಗಟ್ಟಿತು. ಅತ್ತೆ ಯಮನವ್ವ ಓಣಿಗೆಲ್ಲ ಕೇಳುವಂತೆ ಹಾಡಿಕೊಂಡಳು: "ಮಗಾ ಮಿಲ್ಟ್ರಿ ಸೇರಿದಾ, ಮನಿ ತಿಪ್ಪಿ ಸೇರಿತು."

ಅತ್ತೆ ಸೊಸೆ ಜಗಳವಾಡಿ ಕಡೆಗೆ ಒಂದು ಒಪ್ಪಂದಕ್ಕೆ ಬಂದರು. ಮಗ್ಗದ ಕುಣಿ, ಅಡಿಗೆಮನೆ ಹೊಡೆಯಬಹುದು. ಹೊಸ್ತಿಲಿನಿಂದ ನಡುಗಂಬದವರೆಗೆ, ಅಂದರೆ ಹೋಗುವವನ ಕಾಲು ಕಡೆಯದಾಗಿ ಬಿದ್ದ ಜಾಗವನ್ನು, ಕಾರ್ಡು ಬರುವ ತನಕ ಮುಟ್ಟಬಾರದು. ಒಂದು ವರ್ಷ ಪಂಚಮಿ ಹಬ್ಬ ಬಂತು. ಹೆಣ್ಣುಮಕ್ಕಳು ತವರಿಗೆ ಬರುವ ಹೊತ್ತು ಮನೆ ಹೀಗಿರಬೇಕೇ ಎಂದು ಯಮನವ್ವ, ಸೊಸೆ ನೀರಿಗೆ ಹೋದದ್ದು ನೋಡಿ, ಪಡಸಾಲೆಯನ್ನು ಝಾಡಿಸಿ ಹೊಡೆದುಬಿಟ್ಟಳು. ಮಗ ಹೊರಟು ಇನ್ನೂ ವಾರವಾಗಿರಲಿಲ್ಲ. ಆ ಚಳಿಗಾಲ ಹಿಮ ಈರಬಸಪ್ಪನ ಎಡಗಾಲಿನ ಎರಡು ಬೆರಳುಗಳನ್ನು ತಿಂದುಕೊಂಡಿತು. ಹಿಮಕ್ಕೂ ಕಸಬರಿಗೆಗೂ ಎಲ್ಲಿಯ ಸಂಬಂಧ ಎಂದು ಕೇಳುವವರು ಕೇಳಲಿ. ಮುಂದಿನ ರಜೆಯಲ್ಲಿ ಮಗನ ಕಾಲು ನೋಡಿದ ಯಮನವ್ವ ಕೇಳಲಿಲ್ಲ. ಅವಳು ಬದುಕಿರುವ ತನಕ, ಮಗ ಹೊರಟ ದಿನ ಕಸಬರಿಗೆಯನ್ನು ತಾನೇ ಒಯ್ದು ಅಟ್ಟದ ಮೇಲೆ ಇಡುತ್ತಿದ್ದಳು.

ಈರಬಸಪ್ಪನಿಗೆ ವಿಷಯ ತಿಳಿದಾಗ ಹೊಟ್ಟೆ ಹಿಡಿದುಕೊಂಡು ನಕ್ಕ. ಆಮೇಲೆ ನಗು ನಿಲ್ಲಿಸಿ ಅದನ್ನು ಮೇಲಿನಿಂದ ಬಂದ ಹುಕುಮಿನಂತೆ ಪಾಲಿಸತೊಡಗಿದ. ಠಾಣ್ಯ ಮುಟ್ಟಿದವನು ಹೆಗಲ ಮೇಲಿನ ಟ್ರಂಕು ಇಳಿಸುವುದಕ್ಕೂ ಮೊದಲು ಕಾರ್ಡು ಬರೆಯುತ್ತಿದ್ದ. ಅದರಲ್ಲಿ ಎರಡೇ ಮಾತು: ಮುಟ್ಟಿದೆ, ಕಸ ಹೊಡಿ. ಅವನ ಜೊತೆಯ ಸಿಪಾಯಿಗಳು ಅದನ್ನು ಓದಿಸಿಕೊಂಡು ವರ್ಷಗಟ್ಟಲೆ ನಕ್ಕರು.

ಒಂದು ವರ್ಷ ಹಿಮ ಬಿದ್ದು ದಾರಿ ಮುಚ್ಚಿತು. ಟಪಾಲು ಇಳಿಯಲಿಲ್ಲ. ಗುಳೇದಗುಡ್ಡದಲ್ಲಿ ತಿಂಗಳಾಗುತ್ತ ಬಂದರೂ ಪಡಸಾಲೆ ಹಾಗೇ ಇತ್ತು, ಈ ಸಲ ಯಮನವ್ವ ತುಟಿ ಪಿಟಕ್ಕೆನ್ನಲಿಲ್ಲ. ಒಂದು ಮಧ್ಯಾಹ್ನ ಬಾಗಿಲಲ್ಲಿ ಒಬ್ಬ ಅಪರಿಚಿತ ಸಿಪಾಯಿ ಬಂದು ನಿಂತ. ಅವನಿಗೆ ಕನ್ನಡ ಬಾರದು, ಮನೆಯವರಿಗೆ ಮರಾಠಿ ಬಾರದು. ಕಲ್ಲವ್ವ ಕಂಬ ಹಿಡಿದುಕೊಂಡು ನಿಂತಳು. ಅವನು "ಈರಬಸಪ್ಪ, ಈರಬಸಪ್ಪ" ಎಂದ, ಬಲಗೈಯನ್ನು ನೆಲದ ಕಡೆಗೆ ಚಾಚಿ ಗಾಳಿಯಲ್ಲೇ ಕಸ ಗುಡಿಸಿ ತೋರಿಸಿದ. ಒಮ್ಮೆ ಅಲ್ಲ, ಹೊಸ್ತಿಲಿನಿಂದ ಕಂಬದವರೆಗೆ ಬಗ್ಗಿಕೊಂಡು ಗುಡಿಸುತ್ತಲೇ ಬಂದ. ಮನೆ ಹೊಲಸೆಂದು ಮೂದಲಿಸಲು ಇಷ್ಟು ದೂರ ಬಂದನೇ ಎಂದು ಯಮನವ್ವನಿಗೆ ಸಿಟ್ಟೇ ಬಂತು. ಕಲ್ಲವ್ವನಿಗೆ ಮಾತ್ರ ತಿಳಿಯಿತು. ಓಡಿ ಹೋಗಿ ಅಟ್ಟದ ಮೇಲಿನ ಕಸಬರಿಗೆ ತಂದಳು.

ಅವನ ಹೆಸರು ದಿಗಂಬರ, ಈರಬಸಪ್ಪನ ದಳದವನೇ. ಬಾರಾಮತಿಯ ಕಡೆಯವನು. ದಾರಿ ತೆರೆದ ಕೂಡಲೆ ಈರಬಸಪ್ಪನ ಮಾತು ಹೊತ್ತು ರಜೆಗೆ ಊರಿಗೆ ಹೊರಟಿದ್ದವನು, ದೌಂಡಿನಲ್ಲಿ ಇಳಿದರೆ ಮನೆ ಸಮೀಪ. ಅವನು ಇಳಿಯದೆ ಸೊಲ್ಲಾಪುರಕ್ಕೆ ಹೋಗಿ, ಅಲ್ಲಿ ಸಣ್ಣ ರೈಲು ಹಿಡಿದು ಬಾದಾಮಿಯಲ್ಲಿ ಇಳಿದು, ಎತ್ತಿನ ಗಾಡಿ ಹತ್ತಿ ಬಂದಿದ್ದ. ಒಂದು ತಂಬಿಗೆ ಮಜ್ಜಿಗೆ ಕುಡಿದು ಅದೇ ದಾರಿಯಲ್ಲಿ ಹಿಂದಿರುಗಿದ.

ಸೈನ್ಯ ಬಿಟ್ಟ ಮೇಲೆ ಈರಬಸಪ್ಪನಿಗೆ ಖಡಕಿಯ ಒಂದು ಗೋದಾಮಿನಲ್ಲಿ ಕಾವಲಿನ ಕೆಲಸ ಸಿಕ್ಕಿತು. ದಿಗಂಬರ ಅದಾಗಲೇ ಅಲ್ಲೇ ನೆಲೆ ನಿಂತಿದ್ದ, ಎರಡು ಓಣಿ ಆಚೆಗೆ ಮನೆ ಹಿಡಿದುಕೊಟ್ಟ. ಹೆಂಡತಿ ಮಗನನ್ನು ಕರೆಸಿಕೊಂಡ ಈರಬಸಪ್ಪ ಅಂದಿನಿಂದ ಸಂಸಾರಕ್ಕೆ ಬಿದ್ದ ಪರಿಯನ್ನು ಖಡಕಿಯ ಹೆಂಗಸರು ಈಗಲೂ ಹೇಳುತ್ತಾರೆ. ಬೆಳಗ್ಗೆ ಎದ್ದು ನೀರು ತುಂಬುವವನು ಅವನು. ನೆಲದೊಳಗಿನ ಬಾಂಬು ಹುಡುಕಿದ ಕಣ್ಣು ಮೊರದೊಳಗಿನ ಅಕ್ಕಿಯ ಹರಳು ಹುಡುಕುತ್ತಿತ್ತು. ಕಾಲೇಜಿಗೆ ಹೋಗುವ ಮಗನ ಬೂಟಿಗೆ ಪಾಲಿಶ್ ಹಾಕುತ್ತಿದ್ದ. ಮಾಂತು ಗೆಳೆಯರೆದುರು ನಾಚಿಕೊಂಡು ಬೇಡವೆಂದರೂ ಬಿಡುತ್ತಿರಲಿಲ್ಲ. ರೊಟ್ಟಿ ಬಡಿಯಲು ಕಲಿಯುತ್ತೇನೆಂದು ಹಟ ಹಿಡಿದು ಒಂದು ಚೀಲ ಜೋಳ ಹಾಳು ಮಾಡಿದ, ರೊಟ್ಟಿ ಕಡೆಗೂ ದುಂಡಗಾಗಲಿಲ್ಲ. ಆ ರೊಟ್ಟಿಗಳನ್ನು ಕಲ್ಲವ್ವ ತಾನು ತಿಂದು, ದುಂಡಗಿನವನ್ನು ಅವನಿಗೆ ಬಡಿಸುತ್ತಿದ್ದಳು.

ಕಸದ ಮಾತು ಮಾತ್ರ ಹೋಗಲಿಲ್ಲ. ಬಾಜಾರಕ್ಕೆ ಹೊರಟರೂ ಹೊಸ್ತಿಲಲ್ಲಿ ನಿಂತು, "ಹವಾಲ್ದಾರ ಕಾಯಿಪಲ್ಲೆಕ್ಕ ಹೊಂಟಾನ. ಕಸಾ ಹೊಡೀಬ್ಯಾಡ" ಎನ್ನುತ್ತಿದ್ದ. ಮೊಬೈಲು ಬಂದ ಮೇಲಂತೂ ಬಾಜಾರದ ಗದ್ದಲದ ನಡುವಿನಿಂದಲೇ ಫೋನು: "ಮುಟ್ಟೀನಿ. ಹೊಡಿ." ಕಲ್ಲವ್ವ ಬೈಯುತ್ತಿದ್ದಳು, "ಮುದುಕಾದ್ರೂ ನಿಮಗ ಹುಡಗಾಟ ಹೋಗಲಿಲ್ಲ" ಎಂದು. ಬೈಯುತ್ತಲೇ ಎದ್ದು ಕಸ ಹೊಡೆಯುತ್ತಿದ್ದಳು. ಮಗ ಸೊಸೆ ಹಿಂಜವಾಡಿಯಲ್ಲಿ ಫ್ಲಾಟು ಕೊಂಡು ಇವರನ್ನು ಕರೆದುಕೊಂಡು ಬಂದ ಮೇಲೂ ಇದು ನಡೆದೇ ಇತ್ತು. ಆದರೆ ಗಂಡ ಹೆಂಡಿರ ಈ ಆಟ ಮಕ್ಕಳ ಕಣ್ಣಿಗೆ ಬೀಳದ ಹಾಗೆ ಇಬ್ಬರೂ ನೋಡಿಕೊಂಡಿದ್ದರು. ವಯಸ್ಸಾದವರಿಗೂ ಒಂದು ನಾಚಿಕೆ ಇರುತ್ತದೆ.

ಕಳೆದ ವಾರ ಎದೆ ಹಿಡಿದುಕೊಂಡಾಗ ಈರಬಸಪ್ಪ ಲಿಫ್ಟಿನವರೆಗೆ ನಡೆದೇ ಹೋದ. ಮಾಂತು ಒಂದು ಕಡೆ, ಕ್ಯಾಬಿನ ಡ್ರೈವರ್ ಒಬ್ಬ ಇನ್ನೊಂದು ಕಡೆ ಹಿಡಿದಿದ್ದರು. ಹೊಸ್ತಿಲು ದಾಟುವಾಗ ಅವನು ತಿರುಗಿ ನೋಡಿ, ಉಸಿರು ಸಾಲದ ದನಿಯಲ್ಲಿ, "ಕಸಾ ಹೊಡೀಬ್ಯಾಡ" ಎಂದ. ಅಪ್ಪ ಏನೋ ಬಡಬಡಿಸುತ್ತಿದ್ದಾನೆ ಎಂದುಕೊಂಡ ಮಾಂತು. ಕಲ್ಲವ್ವ ತಲೆಯಾಡಿಸಿದಳು. ಮೂರನೆಯ ದಿನ ಅವನು ಮನೆಗೆ ಬಂದದ್ದು ಹೆಣವಾಗಿ. ಕೂಡಿಸಿದರು, ಹೂ ಹಾಕಿದರು, ಎತ್ತಿಕೊಂಡು ಹೋದರು. ಹೊಡಿ ಎಂಬ ಮಾತು ಅವಳಿಗೆ ಬರಲೇ ಇಲ್ಲ.

ಗಂಡ ಸತ್ತಿದ್ದಾನೆಂದು ಕಲ್ಲವ್ವನಿಗೆ ಚೆನ್ನಾಗಿ ಗೊತ್ತಿತ್ತು. ಒಂಟಿತನವೂ ಅವಳಿಗೆ ಹೊಸದಲ್ಲ. ಹರೆಯವನ್ನೆಲ್ಲ ಅದರ ಜೊತೆಗೇ ಕಳೆದವಳು. ಆದರೆ ಆಗ ಅವನು ಎಷ್ಟು ದೂರ ಇದ್ದರೂ ಅವನಿಗೊಂದು ವಿಳಾಸವಿತ್ತು. ಈಗ ಹೋದದ್ದು ಎಲ್ಲಿಗೆ, ಮುಟ್ಟಿದನೋ ಇಲ್ಲವೋ, ಯಾರು ಹೇಳಬೇಕು? ಮುಟ್ಟದೇ ನಡುದಾರಿಯಲ್ಲಿ ನಿಂತಿದ್ದರೆ? ಎರಡು ಬೆರಳಿಲ್ಲದ ಕಾಲು ಬೇರೆ. ತಾನು ಅವಸರ ಮಾಡಿ ಗುಡಿಸಿದರೆ ಅವನಿಗೆ ದಾರಿಯಲ್ಲಿ ಏನಾದರೂ ಆದೀತು ಎಂಬ ಭಯ ಅವಳನ್ನು ಐದು ದಿನದಿಂದ ತಿನ್ನುತ್ತಿತ್ತು. ಈ ಭಯವನ್ನು ಮಗನೆದುರು ಹೇಗೆ ಹೇಳುವುದು?

ಮಾಂತು ಕೆಟ್ಟವನಲ್ಲ. ಕಂಪನಿಗಳಿಗೆ ಕ್ಯಾಬ್ ಓಡಿಸುವ ಗುತ್ತಿಗೆದಾರನ ಹತ್ತಿರ ಮೇಲ್ವಿಚಾರಕ. ಯಾವ ಗಾಡಿ ಎಲ್ಲಿದೆ, ಯಾರು ಮುಟ್ಟಿದರು, ಯಾರು ಇನ್ನೂ ದಾರಿಯಲ್ಲಿದ್ದಾರೆ ಎಂದು ದಿನವಿಡೀ ಫೋನಿನಲ್ಲಿ ಕೇಳುವುದೇ ಅವನ ಕೆಲಸ. ಆ ಬೆಳಿಗ್ಗೆಯೂ ಕಿವಿಗೆ ಫೋನು ಹಚ್ಚಿ ಮರಾಠಿಯಲ್ಲಿ "ಪೋಹೊಚಲಾಸ್ ಕಾ?" ಅಂದರೆ ಮುಟ್ಟಿದೆಯಾ ಎಂದು ಯಾರನ್ನೋ ಕೇಳಿ, ಫೋನು ಇಟ್ಟು ತಾಯಿಯ ಹತ್ತಿರ ಬಂದು ಕೂತ.

"ಅವ್ವಾ, ಸಂಜೀಕ ಅಪ್ಪನ ಬಗ್ಗೆ ನಾನೂ ಎರಡು ಮಾತು ಹೇಳ್ಬೇಕಂತ. ಏನ್ ಹೇಳ್ಲಿ? ಎಷ್ಟು ವಿಚಾರ ಮಾಡಿದ್ರೂ ಬೂಟ್ ಪಾಲಿಶಿನ ಮುಂದ ನೆನಪ ಹೋಗವಲ್ದು."

"ಅದನ್ನ ಹೇಳು."

"ಅದು ಹೇಳೂ ಮಾತೇನವ್ವಾ? ದೊಡ್ಡದು ಏನರ ಇರಬೇಕು. ಯುದ್ಧದ್ದು ಗಿದ್ಧದ್ದು. ನಿನಗೇನರ ಹೇಳಿದ್ನೇನು?"

ಮಾಂತು ಸುಮ್ಮನೆ ನೆಲ ನೋಡುತ್ತ, ಮಾತಿಗೆ ಮಾತು ಸೇರಿಸುವವನ ಹಾಗೆ ಹೇಳಿದ: "ಕಡೀಕ ದವಾಖಾನ್ಯಾಗ ಒಂದ ಸಮಾ ಫೋನ್ ಕೇಳ್ದ. ಮನಿಗೆ ಒಂದು ಮಾತು ಹೇಳೂದೈತಿ ಅಂದ. ಒಳಗ ಫೋನ್ ಬಿಡೂದಿಲ್ಲ. ನಾಳೆ ವಾರ್ಡಿಗೆ ಹಾಕ್ತಾರ, ಆವಾಗ ಮಾತಾಡೀಯಂತ ಅಂದೆ. ಏನ್ ಹೇಳಾಂವ ಇದ್ನೋ ಏನೋ."

ಏನು ಹೇಳುವವನಿದ್ದ ಎಂದು ಕಲ್ಲವ್ವನಿಗೆ ಗೊತ್ತಿತ್ತು. ದವಾಖಾನೆ ಮುಟ್ಟಿದ್ದನ್ನು ಹೇಳಲಿಕ್ಕೂ ಆಗದೆ, ಅಲ್ಲಿಂದ ಮುಂದಿನ ಊರಿಗೂ ಅವನು ಹೇಳದೇ ಹೊರಟಿದ್ದ. ಮಗನ ಮೇಲೆ ಸಿಟ್ಟು ಬರಲಿಲ್ಲ. ಅವನಿಗೇನು ಗೊತ್ತು ಪಾಪ. ಆದರೆ ಇನ್ನು ಈ ಮನೆಯಲ್ಲಿ ಕೂತು ಕಾಯುವುದು ಅವಳಿಂದಾಗಲಿಲ್ಲ. ಹಿಂದೊಮ್ಮೆ ಮುಟ್ಟಿದ ಸುದ್ದಿ ತಂದವನು ಒಬ್ಬನಿದ್ದ.

"ದಿಗಂಬರ ಭಾವೂಜಿ ಮಣ್ಣಿಗೆ ಬರಲಿಲ್ಲ. ಖಡಕಿಗೆ ಹೋಗಿ ಬರ್ತೀನಿ" ಎಂದು ಎದ್ದಳು.

"ಅವರಿಗೆ ಲಕ್ವಾ ಹೊಡದು ಮಾತ ಬಿದ್ದದವ್ವಾ, ಹೆಂಗ ಬರ್ತಾರ? ತಡಿ, ಗಾಡಿ ಖಾಲಿ ಆದ ಕೂಡ್ಲೆ ಕಳಸ್ತೀನಿ."

ಗಾಡಿ ಖಾಲಿಯಾಗುವ ತನಕ ಕಾಯುವ ತಾಳ್ಮೆ ಅವಳಿಗಿರಲಿಲ್ಲ. ಸೆರಗು ಹೊದ್ದು ಕೆಳಗಿಳಿದು ಬಸ್ಸು ಹತ್ತಿದಳು. ಕಂಪನಿಯ ಬಸ್ಸುಗಳು, ಕಾರುಗಳು, ಕಿವಿಗೆ ವಯರು ಸಿಕ್ಕಿಸಿಕೊಂಡ ಹುಡುಗ ಹುಡುಗಿಯರು. ಒಬ್ಬರ ಮುಖವೂ ಅವಳ ಕಡೆ ತಿರುಗಲಿಲ್ಲ. ಔಂಧಿನಲ್ಲಿ ಇಳಿದು ಎರಡನೆಯ ಬಸ್ಸಿಗೆ ನಿಂತಾಗ ನೆನಪಾಯಿತು. ಹಾಸಿಗೆಯ ಕೆಳಗಿನ ಕಸಬರಿಗೆಗಳಿಗೆ ಕಾವಲು ಇಲ್ಲದೆ ಬಂದಿದ್ದಾಳೆ. ಸಾವಂತ್ರವ್ವನ ಕೈ ಹಾಸಿಗೆಯ ಕೆಳಗೆ ಹೋಗಲು ಎಷ್ಟು ಹೊತ್ತು? ಫೋನು ಮಾಡೋಣವೆಂದರೆ ಮೊಬೈಲನ್ನು ಚಾರ್ಜಿಗೆ ಹಚ್ಚಿ ಮರೆತು ಬಂದಿದ್ದಾಳೆ. ತಿರುಗಿ ಹೋಗಲೇ ಎಂದುಕೊಂಡಳು. ಹೋದರೆ ಮತ್ತೆ ಅದೇ ಕಾಯುವುದು. ಖಡಕಿಯ ಬಸ್ಸು ಬಂತು, ಏನಾದರಾಗಲಿ ಎಂದು ಹತ್ತಿದಳು.

ದಿಗಂಬರನ ಮನೆ ರೈಲ್ವೆ ಹಳಿಯ ಪಕ್ಕದ ಓಣಿಯಲ್ಲಿ. ಭಾನುವಾರ ಬಂತೆಂದರೆ ಗಂಡ ಹೆಂಡತಿ ಇಬ್ಬರೂ ಇಲ್ಲಿಗೆ ಬರುತ್ತಿದ್ದರು. ದಿಗಂಬರನಿಗೆ ಲಕ್ವಾ ಹೊಡೆದು ಬಲ ಮೈ, ಮಾತು ಎರಡೂ ಬಿದ್ದ ಮೇಲೆ ಈರಬಸಪ್ಪ ಒಬ್ಬನೇ ಮಾತಾಡುತ್ತ, ಅವನ ಉತ್ತರವನ್ನೂ ತಾನೇ ಹೇಳಿಕೊಂಡು ನಗುತ್ತ ಕೂಡುತ್ತಿದ್ದ. ಬಾಗಿಲು ತೆರೆದ ಮಗಳು ಸಪ್ನಾ, ಕಲ್ಲವ್ವನನ್ನು ಕಂಡ ಕೂಡಲೆ ಹೊರಗೇ ತಬ್ಬಿಕೊಂಡು ಅತ್ತಳು. ಆಮೇಲೆ ದನಿ ತಗ್ಗಿಸಿ, ಬಾಬಾಗೆ ಇನ್ನೂ ಹೇಳಿಲ್ಲ ಕಾಕೂ, ಡಾಕ್ಟರು ಸದ್ಯ ಬೇಡವೆಂದಿದ್ದಾರೆ ಎಂದಳು. ಕಲ್ಲವ್ವನ ಬರಿದಾದ ಹಣೆ ನೋಡಿ ಒಂದು ಕ್ಷಣ ಹಿಂದೆಮುಂದೆ ನೋಡಿದಳು. ಒಳಗೆ ಹೋಗಿ ಹಣೆಗೆ ಅಂಟಿಸುವ ಟಿಕಲಿಯ ಒಂದು ಚೀಟಿ ತಂದಳು. ಅದನ್ನು ಕಲ್ಲವ್ವನ ಮುಂದೆ ಚಾಚಿದಳು.

ಕಲ್ಲವ್ವ ಒಂದು ಕೆಂಪು ಟಿಕಲಿ ಬಿಡಿಸಿ ವಿಭೂತಿಯ ಕೆಳಗೆ ಹಚ್ಚಿಕೊಂಡಳು. ಐದು ದಿನದ ಹಿಂದೆ ಇದ್ದವಳ ಹಾಗೆ ಕಾಣಬೇಕೆಂದು ಬೆನ್ನು ನೆಟ್ಟಗೆ ಮಾಡಿಕೊಂಡು ಒಳ ನಡೆದಳು.

ದಿಗಂಬರ ದಿಂಬಿಗೆ ಒರಗಿ ಕೂತಿದ್ದ. ಬಲಗೈ ಮಡಿಲಲ್ಲಿ ಬಿದ್ದಿತ್ತು. ಅವಳನ್ನು ಕಂಡು ಅರ್ಧ ಮುಖ ನಕ್ಕಿತು. ಮರುಕ್ಷಣ ಕಣ್ಣು ಅವಳನ್ನು ದಾಟಿ ಬಾಗಿಲಿಗೆ ಹೋಯಿತು. ಹಿಂದಿನಿಂದ ಬರಬೇಕಾದ, ಒಂದು ಕಡೆಗೆ ವಾಲುವ ಆ ಹೆಜ್ಜೆಯ ಸದ್ದಿಗಾಗಿ ಕಾಯಿತು. ಕಲ್ಲವ್ವ ಹಾಸಿಗೆಯ ಪಕ್ಕದ ಕುರ್ಚಿಯಲ್ಲಿ ಕೂತಳು. ಹೇಳುವ ಹಾಗಿರಲಿಲ್ಲ; ಹೇಳದೆ ಕೇಳುವುದು ಹೇಗೆಂದು ತಿಳಿಯಲಿಲ್ಲ. ಸಪ್ನಾ ಚಹಾ ಇಟ್ಟಳು. ಹಳಿಯ ಮೇಲೆ ಒಂದು ಲೋಕಲ್ ಹೋಯಿತು, ಕಿಟಕಿಯ ಗಾಜು ನಡುಗಿತು. ಸದ್ದು ಅಡಗಿದ ಮೇಲೆ ಕಲ್ಲವ್ವ ಮರಾಠಿಯಲ್ಲಿ ಒಂದೇ ಮಾತು ಹೇಳಿದಳು.

"ಮನೆ ಗುಡಿಸಿಲ್ಲ ಭಾವೂಜಿ."

ಸಪ್ನಾ ಕಪ್ಪು ಹಿಡಿದವಳು, ಇದೆಂಥ ಮಾತು ಎಂಬಂತೆ ನೋಡಿದಳು. ದಿಗಂಬರ ಕಲ್ಲವ್ವನ ಮುಖವನ್ನೇ ನೋಡಿದ. ಬಾಗಿಲನ್ನು ಇನ್ನೊಮ್ಮೆ ನೋಡಿದ. ಆಮೇಲೆ ಬಾಗಿಲ ಕಡೆ ನೋಡುವುದನ್ನು ಬಿಟ್ಟ. ಅವನ ಒಂದು ಕಣ್ಣಿನಿಂದ ನೀರು ಇಳಿದು ಗಡ್ಡದೊಳಗೆ ಸೇರಿತು, ಇನ್ನೊಂದು ಕಣ್ಣು ಒಣಗಿಯೇ ಇತ್ತು. ಗಂಟಲಿನಿಂದ ಏನೋ ಸ್ವರ ಹೊರಟು ಅಲ್ಲೇ ನಿಂತಿತು.

ಕಲ್ಲವ್ವ ಕಾದಳು. ಕಾಯುವುದು ಅವಳಿಗೆ ಬರುವ ವಿದ್ಯೆ.

ದಿಗಂಬರ ಬಲಗೈಯನ್ನು ಎತ್ತಲು ನೋಡಿದ, ಅದು ಏಳಲಿಲ್ಲ. ಹಲ್ಲು ಕಚ್ಚಿ ಎಡಗೈ ಎತ್ತಿದ. ಹೊದಿಕೆಯ ಮೇಲೆ, ತನ್ನ ಎದೆಯ ಹತ್ತಿರದಿಂದ ಮಂಚದ ಅಂಚಿನವರೆಗೆ, ಮೆಲ್ಲಗೆ ಗುಡಿಸಿದ. ಮತ್ತೆ ಕೈ ತಂದು ಮತ್ತೆ ಗುಡಿಸಿದ. ಗುಳೇದಗುಡ್ಡದ ಪಡಸಾಲೆಯಲ್ಲಿ ಬಗ್ಗಿ ಬಂದ ಆ ಹರೆಯದ ಸಿಪಾಯಿ ಕಲ್ಲವ್ವನ ಕಣ್ಣ ಮುಂದೆ ನಿಂತ.

"ಗುಡಿಸಲೇ?" ಎಂದು ಕೇಳಿದಳು.

ಅವನು ತಲೆಯಾಡಿಸಿದ. ಕೈ ನಿಲ್ಲಿಸಲಿಲ್ಲ.

"ಚೂರು ಬಿದ್ದಿದೆಯೇನು ಬಾಬಾ?" ಎಂದು ಸಪ್ನಾ ಬಂದು, ಬಿಸ್ಕೀಟಿನ ಪುಡಿ ಇರಬೇಕೆಂದು ಹೊದಿಕೆಯನ್ನು ಝಾಡಿಸಿದಳು. ಕಲ್ಲವ್ವ ಎದ್ದು ದಿಗಂಬರನ ಆ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು. ಮೈದುನನ ಸಮಾನದವನ ಕೈಯನ್ನು ಅವಳು ಮುಟ್ಟಿದ್ದು ಅದೇ ಮೊದಲು.

ತಿರುಗಿ ಬರುವಾಗ ಬಸ್ಸಿನಲ್ಲಿ ಹಣೆಯ ಟಿಕಲಿ ತೆಗೆದು ಮುಂದಿನ ಸೀಟಿನ ಬೆನ್ನಿಗೆ ಅಂಟಿಸಿದಳು. ಯಾರೋ ಹೆಂಗಸರು ಅಂಟಿಸಿದ ಇನ್ನೂ ಎರಡು ಅಲ್ಲಿದ್ದವು. ದಾರಿಯುದ್ದಕ್ಕೂ ಗಾಡಿಗಳು ಕಿಕ್ಕಿರಿದು ಬಸ್ಸು ತೆವಳಿತು. ಮನೆ ಗುಡಿಸಿಬಿಟ್ಟಿರುತ್ತಾರೆಯೇ, ಮಾತು ಬರುವ ಮೊದಲೇ ಗುಡಿಸಿಬಿಟ್ಟರೇ, ಎಂಬ ಒಂದೇ ವಿಚಾರ. ಶಿವನೇ, ಆ ಸಾವಂತ್ರವ್ವನಿಗೆ ಇನ್ನೊಂದಿಷ್ಟು ಹೊತ್ತು ನಿದ್ದೆ ಕೊಡು ಎಂದು ಬೇಡಿಕೊಂಡಳು.

ಶಿವನಿಗೆ ಅದು ಕೇಳಿಸಿದಂತೆ ಕಾಣಲಿಲ್ಲ. ಬಾಗಿಲು ತೆರೆದಿತ್ತು. ಪಡಸಾಲೆ ಥಳಥಳಿಸುತ್ತಿತ್ತು. ಚೆಂಡುಹೂವಿನ ಒಂದು ಎಸಳೂ ಇರಲಿಲ್ಲ. ಮೂರೂ ಕಸಬರಿಗೆಗಳನ್ನು ಗೋಡೆಗೆ ಸಾಲಾಗಿ ಆನಿಸಿ, ಸಾವಂತ್ರವ್ವ ಗೆದ್ದವಳ ಹಾಗೆ ಸೋಫಾದ ಮೇಲೆ ಕೂತಿದ್ದಳು. ಕಲ್ಲವ್ವ ಹೊಸ್ತಿಲ ಆಚೆಗೇ ನಿಂತುಬಿಟ್ಟಳು. ಅವಳ ಮುಖ ನೋಡಿ ಮಾಂತು ಓಡಿ ಬಂದ.

"ಸಿಟ್ಟಾಗಬ್ಯಾಡವ್ವಾ. ಜನಾ ಬರೂ ಹೊತ್ತಾತು, ನಾನ ಹೊಡೀರಿ ಅಂದೆ. ಕಾಕು ಹೊಡದ್ಲು, ಸೋನಾಲಿ ಒರಸಿದ್ಲು."

"ಯಾವಾಗ?"

"ಏನು ಯಾವಾಗ?"

"ಕಸಬರಿಗಿ ಹಿಡದಿದ್ದು ಯಾವಾಗ, ಮಾಂತು? ಖರೆ ಹೇಳು. ನಾ ಹೋದ ಕೂಡ್ಲೆನೋ, ಈಗೋ?"

ಸೋನಾಲಿ ಒಳಗಿನಿಂದ ಒರೆಸುವ ಬಟ್ಟೆ ಹಿಡಿದುಕೊಂಡೇ ಬಂದಳು. "ಈಗಷ್ಟ ಅತ್ತಿ. ಕಸಬರಿಗಿ ಕೈಯಾಗಿಟ್ಟು ಅರ್ಧಾ ತಾಸೂ ಆಗಿಲ್ಲ. ನೋಡ್ರಿ, ನೆಲಾ ಇನ್ನ ಆರಿಲ್ಲ."

ಕಲ್ಲವ್ವ ಬಗ್ಗಿ ನೆಲ ಮುಟ್ಟಿದಳು. ಬೆರಳಿಗೆ ನೀರು ಹತ್ತಿತು. ಈರಬಸಪ್ಪ ಕೂತಿದ್ದ ಜಾಗದವರೆಗೆ ನಡೆದು ಹೋಗಿ ಅಲ್ಲಿಯೂ ಮುಟ್ಟಿ ನೋಡಿದಳು, ಅಲ್ಲಿಯೂ ಹಸಿ. ದಿಗಂಬರನ ಕೈ ಆಡಿದಾಗಿನಿಂದ ಎರಡು ಬಸ್ಸು ಬದಲಿಸಿ, ಗಾಡಿಗಳ ನಡುವೆ ತೆವಳಿ ಬಂದಿದ್ದಾಳೆ. ಮಾತು ಮೊದಲು ಬಂದಿದೆ, ಕಸಬರಿಗೆ ಆಮೇಲೆ ಎದ್ದಿದೆ. ಯಾವ ತಪ್ಪೂ ಆಗಿಲ್ಲ.

ಅವಳು ಅಲ್ಲೇ ಹಸಿ ನೆಲದ ಮೇಲೆ ಗೋಡೆಗೆ ಆತು ಕೂತಳು. ಐದು ದಿನದಿಂದ ಬಾರದಿದ್ದ ಅಳು ಆಗ ಬಂತು, ದೊಡ್ಡ ದನಿ ತೆಗೆದು ಅತ್ತಳು. ತಾನು ಗುಡಿಸಿದ್ದಕ್ಕೇ ಅಳುತ್ತಿದ್ದಾಳೆಂದು ತಿಳಿದ ಸಾವಂತ್ರವ್ವನ ಮುಖದ ಗೆಲುವು ಇಳಿದುಹೋಯಿತು. ಮಾಂತು ತಾಯಿಯ ಮುಂದೆ ಕುಕ್ಕರುಗಾಲಲ್ಲಿ ಕೂತು, "ತಪ್ಪಾತವ್ವಾ, ಕೇಳದ ಹೊಡಸಬಾರದಿತ್ತು" ಎಂದ.

"ತಪ್ಪ ಆಗಿಲ್ಲೋ. ನಿಮ್ಮಪ್ಪ ಮುಟ್ಯಾರ."

ಮಾಂತುವಿಗೆ ತಿಳಿಯಲಿಲ್ಲ. ತಿಳಿಯದಿದ್ದರೂ ಹೂಂ ಎಂದ. ಕಲ್ಲವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. ಮುಟ್ಟಿದವರು ಇನ್ನು ರಜೆಗೆ ಬರುವುದಿಲ್ಲ. ಈ ಹೊಸ್ತಿಲಲ್ಲಿ ಯಾರಿಗಾಗಿಯೂ ಕಾಯುವುದು ಅವಳಿಗೆ ಉಳಿದಿರಲಿಲ್ಲ. ಕಾಯದೆ ಇರುವುದು ಹೇಗೆಂದು ಅವಳಿಗೆ ಯಾರೂ ಕಲಿಸಿರಲಿಲ್ಲ.

"ಸಂಜೀಕ ಏನ್ ಹೇಳ್ಲಿ ಅಂದಿದ್ದೆಲ್ಲ" ಎಂದಳು. "ಎಷ್ಟ ದೂರ ಹೋದ್ರೂ ಮುಟ್ಟಿದ ಸುದ್ದಿ ಕಳಸ್ತಿದ್ರು ಅಂತ ಹೇಳು."

"ಇಷ್ಟನ ಅವ್ವಾ?"

"ಇಷ್ಟ. ಕಡೀತನಾ ತಪ್ಪಸಲಿಲ್ಲ ಅಂತ ಹೇಳು."

ಮಾಂತು ತಲೆಯಾಡಿಸಿದ. ಸೋನಾಲಿ ಫ್ಯಾನು ಜೋರು ಮಾಡಿದಳು. ಬಂದವರಿಗೆ ಜಮಖಾನೆ ಹಾಸಬೇಕಿತ್ತು, ನೆಲ ಆರುವುದನ್ನು ನೋಡುತ್ತ ಎಲ್ಲರೂ ಕೂತರು.